ಹೇಮಕೂಟದ ಗುಡಿಗಳೂ ಸಂಶೋಧಕರ ಪೂರ್ವಗೃಹೀತಗಳೂ

ಸಂಶೋಧನೆಯು ಆಧಾರಗಳಿಂದ ಆರಂಭವಾಗುತ್ತದೆಂದು ಹೇಳುವುದು ವಾಡಿಕೆ. ಶಾಸನ, ಹಸ್ತಪ್ರತಿ, ಶಿಲ್ಪ, ಐತಿಹ್ಯ ಎಂದು ಆಧಾರಗಳನ್ನು ವಿಂಗಡಿಸಿ, ಇವುಗಳಲ್ಲಿ ಇಂತಿಂಥದಕ್ಕೆ ಇಷ್ಟಿಷ್ಟು ಬೆಲೆ ಎಂದು ಗೊತ್ತುಪಡಿಸಿ, ಅನಂತರ ವಿಷಯಕ್ಕೆ ಪ್ರವೇಶಿಸುವುದು ಇಂದಿನ ವಿದ್ವತ್ ಪದ್ಧತಿ. ಆದರೆ ಯಾವುದನ್ನು ಆಧಾರವೆನ್ನಬೇಕು, ಯಾವುದನ್ನು ಕೈಬಿಡಬೇಕು, ಎರಡು ವಸ್ತುಗಳ ಹೋಲಿಕೆಯಿಂದ ಏನು ಸಿದ್ಧವಾಗುತ್ತದೆ, ಒಂದು ಸಂಗತಿ ಕಾಣದಿದ್ದರೆ ಅದು ಇರಲೇ ಇಲ್ಲವೆನ್ನಬಹುದೇ ಎಂಬ ಪ್ರಶ್ನೆಗಳಿಗೆ ಸಂಶೋಧಕನು ಕಲ್ಲಿನ ಮುಂದೆ ನಿಲ್ಲುವ ಮೊದಲೇ, ಓಲೆಕಟ್ಟನ್ನು ಬಿಚ್ಚುವ ಮೊದಲೇ, ತನಗರಿವಿಲ್ಲದಂತೆ ಉತ್ತರ ಕೊಟ್ಟುಕೊಂಡಿರುತ್ತಾನೆ. ಆ ಉತ್ತರಗಳು ಇತಿಹಾಸಕ್ಕೆ ಸೇರಿದವಲ್ಲ, ಪ್ರಮಾಣಶಾಸ್ತ್ರಕ್ಕೆ ಸೇರಿದವು. ಇವುಗಳನ್ನೇ ಪ್ರಕೃತ ಲೇಖನದಲ್ಲಿ ಪೂರ್ವಗೃಹೀತಗಳೆಂದು ಕರೆದಿದೆ. ಇವು ಇರಲೇಬಾರದೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಗೃಹೀತಗಳಿಲ್ಲದೆ ಯಾರೂ ಒಂದು ಸಾಲನ್ನೂ ಓದಲಾರರು. ಅವು ಪರೀಕ್ಷೆಗೆ ಒಳಪಟ್ಟಿವೆಯೇ ಇಲ್ಲವೇ ಎಂಬುದಷ್ಟೇ ವಿಚಾರ.

ಈ ವಿಚಾರವನ್ನು ಹಂಪೆಯ ಪರಿಸರದಲ್ಲಿಟ್ಟು ನೋಡುವುದಕ್ಕೆ ಒಂದು ಔಚಿತ್ಯವಿದೆ. ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ನೆಲೆಸಿರುವ ಈ ಲೇಖಕನಿಗೆ ಹಂಪೆ ನೆರೆಯ ಊರೆಂಬುದು ಒಂದು ಕಾರಣವಾದರೂ ಅದು ಗೌಣ. ಮುಖ್ಯ ಕಾರಣವೆಂದರೆ, ಪ್ರಮಾಣ ಮತ್ತು ನಯಗಳನ್ನು ಬಾಲಬೋಧೆಗಾಗಿ ಅತ್ಯಂತ ಸರಳವಾಗಿ ನಿರೂಪಿಸಿದ 'ನ್ಯಾಯದೀಪಿಕೆ'ಯ ಕರ್ತೃ ಧರ್ಮಭೂಷಣ ಯತಿಗಳನ್ನು ವಿದ್ವಾಂಸರು ವಿಜಯನಗರದ ಶಾಸನದಲ್ಲಿ ಬರುವ ಗುರುಪರಂಪರೆಯ ಧರ್ಮಭೂಷಣರೊಂದಿಗೆ ಸಮೀಕರಿಸಿದ್ದಾರೆ. ಆ ಶಾಸನವಿರುವುದು ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಜನರು ಗಾಣಿಗಿತ್ತಿ ಗುಡಿಯೆಂದು ಕರೆಯುವ ಬಸದಿಯ ಮುಂದಿನ ಎತ್ತರದ ಕಂಬದ ಮೇಲೆ. ಶಕ 1307ರ, ಎಂದರೆ ಕ್ರಿ.ಶ. 1385-86ರ, ಸಂಸ್ಕೃತ ಶಾಸನವದು. ಇಮ್ಮಡಿ ಹರಿಹರನ ದಂಡನಾಯಕನೂ ಚೈಚನ ಮಗನೂ ಸಿಂಹನಂದಿ ಮುನಿಗಳ ಶಿಷ್ಯನೂ ಆದ ಇರುಗಪ್ಪನು ವಿಜಯನಗರದಲ್ಲಿ ಕುಂಥು ಜಿನನಾಥನಿಗೆ ಶಿಲಾಮಯವಾದ ಚೈತ್ಯಾಲಯವನ್ನು ಮಾಡಿಸಿದನೆಂದು ಅದು ತಿಳಿಸುತ್ತದೆ. ಮೂಲಸಂಘ, ನಂದಿಸಂಘ, ಬಲಾತ್ಕಾರ ಗಣ, ಸಾರಸ್ವತ ಗಚ್ಛದ ಆಚಾರ್ಯರನ್ನು ಅದು ಅನುಕ್ರಮವಾಗಿ ಹೆಸರಿಸುತ್ತದೆ. ಹುಲ್ಟ್ಷ್ ಅವರು 1890ರಲ್ಲಿ ದಕ್ಷಿಣ ಭಾರತದ ಶಾಸನಗಳ ಮೊದಲ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು. ಹೀಗೆ ಹಂಪೆಯು ಶಿಲೆಯ ಊರಾಗಿರುವಂತೆ ಪ್ರಮಾಣವಿಚಾರದ ಊರೂ ಆಗಿದೆ. ಇಲ್ಲಿನ ಕಲ್ಲುಗಳ ಬಗ್ಗೆ ನಡೆದ ಸಂಶೋಧನೆಯನ್ನು ಇಲ್ಲಿನ ಯತಿಗಳ ಶಾಸ್ತ್ರದಿಂದಲೇ ಪರೀಕ್ಷಿಸುವುದು ನ್ಯಾಯವಾದುದು.

ವಿರೂಪಾಕ್ಷ ದೇವಾಲಯದ ದಕ್ಷಿಣಕ್ಕಿರುವ ಹೇಮಕೂಟದ ಬಂಡೆಯ ಮೇಲೆ ಸಣ್ಣ ಸಣ್ಣ ಗುಡಿಗಳ ಒಂದು ಗುಂಪಿದೆ. ಅವುಗಳ ಶಿಖರಗಳು ಗೋಪುರದಂತೆ ಶಿಲ್ಪಭರಿತವಾದವಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಮೇಲೇರುವ ಶಿಲಾಸ್ತರಗಳು. ಇವುಗಳನ್ನು ಬಹುಕಾಲ 'ಜೈನ ಗುಡಿಗಳು' ಎಂದು ಬರೆಯಲಾಯಿತು, ಪ್ರವಾಸಿಗಳಿಗೆ ಹಾಗೆಯೇ ತೋರಿಸಲಾಯಿತು. ನಮ್ಮ ಸಮಾಜದವರೂ ಸಂತೋಷದಿಂದಲೇ ಅದನ್ನು ಒಪ್ಪಿ, ಹಂಪೆಯಲ್ಲಿ ಜೈನರ ವೈಭವಕ್ಕೆ ಇವೇ ಸಾಕ್ಷಿಯೆಂದು ಸ್ಮರಣಸಂಚಿಕೆಗಳಲ್ಲಿ ಚಿತ್ರ ಹಾಕಿಸಿದರು. ವಾಸ್ತವವಾಗಿ ಈ ಗುಡಿಗಳು ಶೈವವಾದವು. ಗರ್ಭಗೃಹಗಳಲ್ಲಿ ತೀರ್ಥಂಕರ ಪ್ರತಿಮೆಯ ಕುರುಹಿಲ್ಲ. ಇವುಗಳಲ್ಲಿ ಒಂದು ತ್ರಿಕೂಟದ ಶಾಸನವು, ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರ ಕಂಪಿಲದೇವನು ಶಿವಾಲಯವನ್ನು ಕಟ್ಟಿಸಿ, ತನ್ನ ತಂದೆ, ತಾಯಿ ಮಾದನಾಯಕಿತಿ ಮತ್ತು ಪೆರುಮೆಯ ನಾಯಕ ಇವರ ನೆನಪಿಗೆ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ಸ್ಪಷ್ಟವಾಗಿ ಹೇಳುತ್ತದೆ. ಈ ಕಂಪಿಲನೇ 1327ರ ಸುಮಾರಿಗೆ ದೆಹಲಿಯ ತುಘಲಕ್ ಸೈನ್ಯದೆದುರು ಮಡಿದ ಕಂಪಿಲರಾಯ, ಕುಮಾರರಾಮನ ತಂದೆ. ಆದ್ದರಿಂದ ಈ ಗುಡಿ 1336ರಲ್ಲಿ ಸ್ಥಾಪಿತವಾಯಿತೆನ್ನುವ ವಿಜಯನಗರಕ್ಕಿಂತಲೂ ಹಳೆಯದು.

ಶಾಸನವು ಕಣ್ಣಮುಂದೆಯೇ ಇರುವಾಗ ಈ ಗುಡಿಗಳು ಜೈನವಾದುದು ಹೇಗೆ? ಓದುಬಾರದವರ ಭ್ರಮೆಯಿಂದಲ್ಲ. ಓದಿದವರ ಒಂದು ಸಿದ್ಧಾಂತದಿಂದ. ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುವಿನ ಇತಿಹಾಸವು ಕಟ್ಟಡಗಳನ್ನು ಬೌದ್ಧ, ಜೈನ, ದ್ರಾವಿಡ, ಚಾಲುಕ್ಯ ಮುಂತಾಗಿ ವಿಭಾಗಿಸಿತು. ಇವುಗಳಲ್ಲಿ ಕೆಲವು ಮತದ ಹೆಸರು, ಕೆಲವು ಜನಾಂಗದ ಅಥವಾ ದೇಶದ ಹೆಸರು, ಒಂದು ರಾಜವಂಶದ ಹೆಸರು. ವಿಭಾಗಕ್ಕೆ ಆಧಾರವಾದ ಧರ್ಮವು ಒಂದೇ ಆಗಿರಬೇಕೆಂಬ ನಿಯಮವನ್ನೇ ಇದು ಮೀರುತ್ತದೆ. ಆದರೂ ಅಂದಿನ ವಿದ್ವಲ್ಲೋಕ ಇದನ್ನು ಒಪ್ಪಿತು. ಏಕೆಂದರೆ ಅದರ ಹಿಂದೆ ಒಂದು ಗೃಹೀತವಿತ್ತು. ಪ್ರತಿಯೊಂದು ಮತಕ್ಕೂ ತನ್ನದೇ ಆದ ಅಂತಃಸ್ವಭಾವವಿದೆ, ಆ ಸ್ವಭಾವವು ಕಲ್ಲಿನ ಆಕಾರದಲ್ಲಿ ತಾನೇ ತಾನಾಗಿ ವ್ಯಕ್ತವಾಗುತ್ತದೆ ಎಂಬುದೇ ಆ ಗೃಹೀತ. ಇದನ್ನು ಒಪ್ಪಿದ ಮೇಲೆ ಗುಡಿಯೊಳಗೆ ಹೋಗಿ ಪೀಠವನ್ನು ನೋಡುವ ಅಗತ್ಯವಾದರೂ ಏನು? ಮೆಟ್ಟಿಲು ಶಿಖರವು ಸರಳ, ನಿರಾಡಂಬರ. ಜೈನಮತವು ಸರಳ, ನಿರಾಡಂಬರ. ಆದ್ದರಿಂದ ಮೆಟ್ಟಿಲು ಶಿಖರ ಜೈನ. ಹೊರಗಿನಿಂದಲೇ ನಿರ್ಣಯವಾಯಿತು.

ನ್ಯಾಯದೀಪಿಕೆಯ ಅಧ್ಯೇತೃಗಳಿಗೆ ಈ ದೋಷ ಹೊಸದಲ್ಲ. ಉದ್ದೇಶ, ಲಕ್ಷಣನಿರ್ದೇಶ, ಪರೀಕ್ಷೆ ಎಂಬ ಮೂರು ಹಂತಗಳಲ್ಲಿ ವಸ್ತುವಿಚಾರ ನಡೆಯಬೇಕೆಂದು ಹೇಳಿ, ಲಕ್ಷಣವು ಆತ್ಮಭೂತ ಮತ್ತು ಅನಾತ್ಮಭೂತವೆಂದು ಎರಡು ಬಗೆಯೆಂದು ಧರ್ಮಭೂಷಣರು ತೋರಿಸುತ್ತಾರೆ. ಅಗ್ನಿಗೆ ಉಷ್ಣತೆಯು ಆತ್ಮಭೂತ ಲಕ್ಷಣ. ದಂಡವನ್ನು ಹಿಡಿದವನಿಗೆ ದಂಡವು ಅನಾತ್ಮಭೂತ ಲಕ್ಷಣ. ದಂಡವನ್ನು ಕೆಳಗಿಟ್ಟರೂ ಮನುಷ್ಯನು ಮನುಷ್ಯನೇ. ಗುಡಿಗೆ ಶಿಖರವೆಂಬುದು ಈ ಕೈಯಲ್ಲಿನ ದಂಡದಂತಹುದು. ಶಿಲ್ಪಿಯ ಪರಂಪರೆ, ದೊರೆಯುವ ಕಲ್ಲಿನ ಗುಣ, ಮಾಡಿಸಿದವನ ಸಂಪತ್ತು ಇವುಗಳಿಂದ ಬಂದದ್ದು. ಅದನ್ನು ಮತದ ಆತ್ಮಭೂತ ಲಕ್ಷಣವೆಂದು ಹಿಡಿದದ್ದೇ ಮೊದಲ ತಪ್ಪು. ಮುಂದೆ ಲಕ್ಷಣಾಭಾಸದ ದೋಷಗಳು ಒಂದಾದ ಮೇಲೊಂದು ಬರುತ್ತವೆ. ಮೆಟ್ಟಿಲು ಶಿಖರವು ಕರ್ಣಾಟಕದ ಅಸಂಖ್ಯ ಶಿವಾಲಯಗಳಲ್ಲಿ ಕಂಡುಬರುವುದರಿಂದ ಅತಿವ್ಯಾಪ್ತಿ. ಶ್ರವಣಬೆಳಗೊಳದ ಚಾವುಂಡರಾಯ ಬಸದಿಯ ವಿಮಾನವು ದ್ರಾವಿಡ ಕ್ರಮದ್ದು, ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯ ಮಾಡು ಮಳೆನಾಡಿಗೆ ತಕ್ಕಂತೆ ಇಳಿಜಾರಾದದ್ದು. ಅಲ್ಲೆಲ್ಲ ಈ ಲಕ್ಷಣವಿಲ್ಲದಿರುವುದರಿಂದ ಅವ್ಯಾಪ್ತಿ. ಗಾಣಿಗಿತ್ತಿ ಬಸದಿಗೆ ಇಂತಹದೇ ಸ್ತರಶಿಖರವಿದೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಈ ಭ್ರಾಂತಿಗೆ ಬಲ ಬಂದದ್ದೂ ಅಲ್ಲಿಂದಲೇ ಇರಬೇಕು.

ಅನುಮಾನದ ದೃಷ್ಟಿಯಿಂದ ನೋಡಿದರೆ ದೋಷ ಇನ್ನೂ ಸ್ಪಷ್ಟ. ಹೇತುವಿಗೆ ಪಕ್ಷಧರ್ಮತ್ವ, ಸಪಕ್ಷಸತ್ತ್ವ, ವಿಪಕ್ಷವ್ಯಾವೃತ್ತಿ ಎಂಬ ಮೂರು ರೂಪಗಳು ಸಾಕೆಂದು ಬೌದ್ಧರು ಹೇಳಿದರೆ, ಪಾತ್ರಸ್ವಾಮಿಗಳಿಂದ ಮೊದಲ್ಗೊಂಡು ಜೈನ ತಾರ್ಕಿಕರು ಮೂರು ರೂಪಗಳಿದ್ದರೂ ಅನ್ಯಥಾನುಪಪತ್ತಿ ಇಲ್ಲದಿದ್ದರೆ ಹೇತುವು ಹೇತುವಲ್ಲವೆಂದರು. ಇದಕ್ಕೆ ಅವರು ಮತ್ತೆ ಮತ್ತೆ ಕೊಡುವ ಉದಾಹರಣೆ ಮೈತ್ರತನಯನದು. ಮೈತ್ರನ ಮಕ್ಕಳೆಲ್ಲ ಕಪ್ಪಗಿದ್ದಾರೆ, ಆದ್ದರಿಂದ ಗರ್ಭದಲ್ಲಿರುವ ಮಗುವೂ ಕಪ್ಪಗಿರಬೇಕೆಂದು ಊಹಿಸಿದಂತೆ. ಕಂಡ ಮಕ್ಕಳ ಮಟ್ಟಿಗೆ ಎಲ್ಲವೂ ಸರಿ; ಆದರೆ ಮೈತ್ರತನಯತ್ವಕ್ಕೂ ಶ್ಯಾಮತ್ವಕ್ಕೂ ಅವಿನಾಭಾವವಿಲ್ಲ. ನಾಲ್ಕು ಬಸದಿಗಳಿಗೆ ಇಂತಹ ಶಿಖರವಿದೆ, ಆದ್ದರಿಂದ ಐದನೆಯದೂ ಬಸದಿ ಎಂದು ಹೇಮಕೂಟದ ಬಗ್ಗೆ ಬರೆದವರು ಗರ್ಭಸ್ಥ ಶಿಶುವಿನ ಬಣ್ಣವನ್ನೇ ಹೇಳಿದರು. ವ್ಯತ್ಯಾಸವೊಂದೇ: ಮಗುವನ್ನು ನೋಡಲು ಕಾಯಬೇಕು, ಇಲ್ಲಿ ಬಾಗಿಲು ತೆರೆದೇ ಇತ್ತು.

ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಬಂಡ್ರಿಯ ಹಿರಿಯರೊಬ್ಬರು ಹಂಪೆಗೆ ಹೋಗಿಬಂದು "ನಿಮ್ಮ ಜೈನರ ಗುಡಿಗಳನ್ನು ನೋಡಿ ಬಂದೆ, ಸ್ವಾಮಿ" ಎಂದರು. ವಿಚಾರಿಸಿದಾಗ ಅವರು ನೋಡಿದ್ದು ಹೇಮಕೂಟವನ್ನು. ಕಂಪ್ಲಿಯ ದಾರಿಯಲ್ಲಿ ಗಾಣಿಗಿತ್ತಿ ಗುಡಿಯ ಮುಂದೆಯೇ ಹಾದುಹೋಗಿದ್ದರೂ ಅದು ಬಸದಿಯೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಇದರಲ್ಲಿ ಅವರದೇನೂ ಲೋಪವಿಲ್ಲ. ಶಿವಾಲಯಕ್ಕೆ ಜೈನವೆಂಬ ಹೆಸರೂ ಜಿನಾಲಯಕ್ಕೆ ಗಾಣಿಗಿತ್ತಿಯೆಂಬ ಹೆಸರೂ ನಿಂತುಹೋದ ಊರಿನಲ್ಲಿ ನಿಕ್ಷೇಪದ ಅರಿವಿಲ್ಲದೆ ನಡೆಯುವುದು ಕಷ್ಟ. ಹೇಮಕೂಟದ ಗುಡಿಗಳು ನಾಮನಿಕ್ಷೇಪದಿಂದ ಮಾತ್ರ ಜೈನ. ಇರುಗಪ್ಪನ ಚೈತ್ಯಾಲಯವು ಇಂದು ಪೂಜೆಯಿಲ್ಲದೆ ನಿಂತಿರುವುದರಿಂದ ಭಾವನಿಕ್ಷೇಪದಿಂದ ಅದನ್ನು ಹಾಗೆನ್ನಲಾಗದು. ಒಂದು ಕಾಲದಲ್ಲಿ ಆಗಿದ್ದುದರಿಂದ ದ್ರವ್ಯನಿಕ್ಷೇಪದಿಂದ ಜೈನ. ಪ್ರಾಚ್ಯವಸ್ತು ಪಟ್ಟಿಗಳಲ್ಲಿ 'ಜೈನ ದೇವಾಲಯ' ಎಂಬ ಒಂದೇ ಶೀರ್ಷಿಕೆಯಡಿ ಈ ನಾಲ್ಕೂ ಬಗೆಯವು ಬೆರೆತಿರುತ್ತವೆ. ಎಣಿಕೆ ಮಾಡುವವರು ಅದನ್ನು ಹಾಗೆಯೇ ಎಣಿಸುತ್ತಾರೆ.

ಇದು ಕಲ್ಲಿಗೆ ಮಾತ್ರ ಸೀಮಿತವಾದ ಅಪಾಯವಲ್ಲ. ಹೊರ ಹೋಲಿಕೆಯಿಂದ ಒಳಗಿನ ಸ್ವರೂಪವನ್ನು ನಿರ್ಣಯಿಸುವ ಇದೇ ಕ್ರಮವು ನಮ್ಮ ದರ್ಶನದ ಅಸ್ತಿತ್ವವನ್ನೇ ಒಂದು ಕಾಲದಲ್ಲಿ ಅಳಿಸುವುದರಲ್ಲಿತ್ತು. ಲಾಸೆನ್, ವೆಬರ್ ಮೊದಲಾದ ಯುರೋಪಿನ ಪಂಡಿತರು ಜೈನಧರ್ಮವನ್ನು ಬೌದ್ಧದಿಂದ ಒಡೆದ ಶಾಖೆಯೆಂದು ಬರೆದರು. ಎರಡೂ ಕಡೆ ಒಂದೇ ತೆರನ ಬಿರುದುಗಳು, ಎರಡೂ ಕಡೆ ಅಹಿಂಸೆ, ಎರಡೂ ಕಡೆ ಧ್ಯಾನಸ್ಥ ಪ್ರತಿಮೆ. ಆದ್ದರಿಂದ ಒಂದು ಇನ್ನೊಂದರ ಅನುಕರಣೆ. ಅನುಕರಿಸಿದ್ದು ಯಾವುದು ಎಂಬುದನ್ನು ಅವರು ಮೊದಲೇ ನಿಶ್ಚಯಿಸಿಕೊಂಡಿದ್ದರು, ಏಕೆಂದರೆ ಬೌದ್ಧ ಗ್ರಂಥಗಳು ಅವರ ಕೈಗೆ ಮೊದಲು ಸಿಕ್ಕಿದ್ದವು. ಹೆರ್ಮನ್ ಯಾಕೋಬಿಯವರು 1879ರ ಕಲ್ಪಸೂತ್ರದ ಆವೃತ್ತಿಯಲ್ಲಿಯೂ 1884ರ ಜೈನಸೂತ್ರಗಳ ಅನುವಾದದ ಪೀಠಿಕೆಯಲ್ಲಿಯೂ ಈ ವಾದವನ್ನು ಒಂದೊಂದಾಗಿ ಬಿಡಿಸಿ, ಪಾಲಿ ಗ್ರಂಥಗಳ ನಿಗಂಠ ನಾತಪುತ್ತನೇ ವರ್ಧಮಾನ ಸ್ವಾಮಿಯೆಂದು ಸ್ಥಾಪಿಸಿ, ಜೈನಧರ್ಮದ ಸ್ವಾತಂತ್ರ್ಯವನ್ನು ನಿರ್ವಿವಾದಗೊಳಿಸಿದರು. ಯಾಕೋಬಿಯವರು ಹೊಸ ಶಾಸನವನ್ನೇನೂ ಕಂಡುಹಿಡಿದಿರಲಿಲ್ಲ. ಹೋಲಿಕೆಯು ಜನ್ಯಜನಕ ಸಂಬಂಧವನ್ನು ಸಾಧಿಸಲಾರದು, ಎರಡಕ್ಕೂ ಸಮಾನವಾದ ಮೂರನೆಯ ಮೂಲವಿರಬಹುದು ಎಂಬ ತರ್ಕವೇ ಅವರ ಮುಖ್ಯ ಸಾಧನವಾಗಿತ್ತು. ಅದಕ್ಕೂ ಮೊದಲು, 1799ರಲ್ಲಿ ಹಂಪೆಯನ್ನು ಕಂಡ ಕರ್ನಲ್ ಮೆಕೆಂಜಿಯ ಸಂಗ್ರಹಕಾರ್ಯದಲ್ಲಿ ಹಳಗನ್ನಡ ಶಾಸನಗಳನ್ನು ಓದಿಕೊಟ್ಟವನು ಧರ್ಮಯ್ಯನೆಂಬ ಜೈನ ಪಂಡಿತ. ಹೊಸ ಸಂಶೋಧನೆಯ ಕಣ್ಣು ಅನೇಕ ವೇಳೆ ಹಳೆಯ ವಿದ್ವತ್ತೇ ಆಗಿತ್ತೆಂಬುದನ್ನು ಇಂದಿನ ಚರಿತ್ರೆಗಳು ಸಾಕಷ್ಟು ಹೇಳುವುದಿಲ್ಲ.

ಇನ್ನು ಒಂದೇ ಆಧಾರವನ್ನು ಎರಡು ಗೃಹೀತಗಳು ಎರಡು ದಿಕ್ಕಿಗೆ ಎಳೆದುದಕ್ಕೆ ನಿದರ್ಶನವಾಗಿ ಬುಕ್ಕರಾಯನ ಶಕ 1290ರ (ಕ್ರಿ.ಶ. 1368) ಶ್ರವಣಬೆಳಗೊಳದ ಶಾಸನವನ್ನು ನೋಡಬಹುದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ಕಡೆಯ ಭವ್ಯಜನರು ಭಕ್ತರಿಂದ ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನೈಸಿಕೊಂಡರು. ಅರಸನು ಶ್ರೀವೈಷ್ಣವರ ಮುಖಂಡರೆಲ್ಲರ ಸಮ್ಮುಖದಲ್ಲಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಪೂರ್ವಮರ್ಯಾದೆಯಂತೆ ಸಲ್ಲುವುದೆಂದು ತೀರ್ಪಿತ್ತನು. ತಿರುಮಲೆಯ ತಾತಯ್ಯನು ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಗೊಮ್ಮಟದೇವರ ಅಂಗರಕ್ಷೆಗೆ 20 ಆಳುಗಳನ್ನಿಟ್ಟು, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ವ್ಯವಸ್ಥೆಯಾಯಿತು.

ಬಿ.ಎ. ಸಾಲೆತೊರೆಯವರು 1938ರಲ್ಲಿ ಪ್ರಕಟಿಸಿದ ಮಧ್ಯಕಾಲೀನ ಜೈನಧರ್ಮದ ಗ್ರಂಥದಲ್ಲಿ ವಿಜಯನಗರದ ಅರಸರ ಸಮದೃಷ್ಟಿಯನ್ನು ಎತ್ತಿಹಿಡಿದರು. ಈ ಶಾಸನವು ಆ ಪಕ್ಷಕ್ಕೆ ಆಧಾರಸ್ತಂಭ. ಇನ್ನು ಕೆಲವರಿಗೆ ಇದೇ ಶಾಸನ ಜೈನರ ಅವನತಿಗೆ ಸಾಕ್ಷಿ: ಅನ್ಯಾಯವಾಗದಿದ್ದರೆ ದೂರು ಏಕೆ, ಗೊಮ್ಮಟನ ಕಾವಲು ವೈಷ್ಣವನ ಕೈಗೆ ಹೋದದ್ದೇಕೆ ಎಂದು ಅವರು ಕೇಳುತ್ತಾರೆ. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಆದರೆ ಅರಸನೇ ಚರಿತ್ರೆಯ ಕರ್ತೃ, ಸಮಾಜವು ಅವನ ಕೃಪೆಗೋ ಅವಕೃಪೆಗೋ ಪಾತ್ರವಾದ ವಸ್ತು ಎಂಬ ಒಂದು ಗೃಹೀತ ಎರಡಕ್ಕೂ ಸಮಾನವಾಗಿದೆಯೆಂಬುದನ್ನು ನಾವು ಗಮನಿಸುವುದಿಲ್ಲ. ಮೂರನೆಯ ಒಂದು ಓದಿಗೆ ಶಾಸನದಲ್ಲಿಯೇ ಎಡೆಯಿದೆ. ದೂರದೂರದ ನಾಲ್ಕು ಪಟ್ಟಣಗಳ ಜೈನರು ಒಂದುಗೂಡಿ ಅರಸನ ಬಳಿಗೆ ಹೋಗಬಲ್ಲವರಾಗಿದ್ದರು. ಮನೆಗೊಂದು ಹಣ ಕೊಟ್ಟರೆ 20 ಆಳುಗಳ ಸಂಬಳ ಕಳೆದು ಜಿನಾಲಯಗಳ ಜೀರ್ಣೋದ್ಧಾರಕ್ಕೂ ಉಳಿಯುವಷ್ಟು ಮನೆಗಳಿದ್ದುವು. ಕಾವಲಿನ ವೆಚ್ಚವನ್ನು ಹೊತ್ತವರು ಜೈನರೇ. ಇಲ್ಲಿ ಕಾಣುವುದು ಸಂಘಟಿತವಾದ, ಧನವುಳ್ಳ, ಆದರೆ ಆತಂಕದಲ್ಲಿದ್ದ ಒಂದು ಸಮಾಜ. ಈ ಓದೊಂದೇ ಸರಿಯೆಂದರೆ ನಾವೂ ದುರ್ನಯಕ್ಕೆ ಬಿದ್ದಂತಾಗುತ್ತದೆ. ಒಂದು ನಯವು ಉಳಿದ ನಯಗಳನ್ನು ನಿರಾಕರಿಸಿದೊಡನೆ ನಯಾಭಾಸವಾಗುತ್ತದೆಂಬುದು ಸಿದ್ಧಸೇನರಿಂದ ಇತ್ತೀಚಿನವರೆಗೆ ಎಲ್ಲ ಆಚಾರ್ಯರ ಸಮ್ಮತ. ವಿಜಯನಗರವನ್ನು ಒಂದೇ ಮತದ ರಕ್ಷಣೆಗಾಗಿ ಎದ್ದ ಕೋಟೆಯೆಂದು ಚಿತ್ರಿಸಿದವರು ಸಂಗ್ರಹನಯವನ್ನು ಏಕಾಂತವಾಗಿ ಹಿಡಿದವರು. ಅವರ ಚಿತ್ರದಲ್ಲಿ ಇರುಗಪ್ಪ ದಂಡನಾಯಕನೂ, 1426ರಲ್ಲಿ ಎಲೆ-ಅಡಕೆಯ ಅಂಗಡಿಬೀದಿಯಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಮಾಡಿಸಿದ ಇಮ್ಮಡಿ ದೇವರಾಯನೂ ಅಪವಾದಗಳಾಗಿ ಅಂಚಿಗೆ ಸರಿಯುತ್ತಾರೆ.

ಇಷ್ಟರವರೆಗೆ ಇತರರ ಗೃಹೀತಗಳನ್ನು ಹೇಳಿದ್ದಾಯಿತು. ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಹಸ್ತಪ್ರತಿಗಳೊಡನೆ ಬಾಳಿದವರು. ನಮ್ಮ ಮನೆಯೊಳಗಿನ ಗೃಹೀತವನ್ನೂ ಹೇಳದಿದ್ದರೆ ವಿಚಾರ ಅಪೂರ್ಣ. ಷಟ್ಖಂಡಾಗಮದ ಜೀವಸ್ಥಾನ ಸತ್ಪ್ರರೂಪಣೆಯ 93ನೆಯ ಸೂತ್ರದ 'ಸಂಜದ' ಪದದ ವಿವಾದವು ಹಿರಿಯರಿಗೆ ನೆನಪಿದ್ದೀತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಡವೋಲೆಗಳಲ್ಲಿ ಮಾತ್ರ ಉಳಿದಿದ್ದ ಧವಲಾಟೀಕೆಗೆ 19ನೆಯ ಶತಮಾನದ ಕೊನೆಯಿಂದ ನಾಗರಿ ಮತ್ತು ಕನ್ನಡ ಪ್ರತಿಗಳಾದುವು. ಆ ಪ್ರತಿಗಳಿಂದ ಇಳಿದ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ ಜೈನ್ ಅವರು ಸಹಸಂಪಾದಕರೊಡಗೂಡಿ 1939ರಲ್ಲಿ ಮೊದಲ ಸಂಪುಟವನ್ನು ಹೊರತಂದರು; ಮುಂದೆ ಒಟ್ಟು 16 ಸಂಪುಟಗಳಾದುವು. 93ನೆಯ ಸೂತ್ರವು ಮನುಷ್ಯಿಣಿಯರು ಯಾವ ಯಾವ ಗುಣಸ್ಥಾನಗಳಲ್ಲಿ ನಿಯಮದಿಂದ ಪರ್ಯಾಪ್ತರಾಗಿರುತ್ತಾರೆಂದು ಹೇಳುತ್ತದೆ. ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಆ ಸಾಲು ಸಂಯತಾಸಂಯತ ಗುಣಸ್ಥಾನದಲ್ಲಿಯೇ ನಿಲ್ಲುತ್ತಿತ್ತು. ಇಲ್ಲಿ 'ಸಂಜದ' ಪದವೊಂದು ಬಿಟ್ಟುಹೋದಂತೆ ತೋರುತ್ತದೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸಂಯತ ಗುಣಸ್ಥಾನವು ಮನುಷ್ಯಿಣಿಗೂ ಹೇಳಲ್ಪಟ್ಟರೆ ಸ್ತ್ರೀಮುಕ್ತಿಯ ಪ್ರಶ್ನೆ ಏಳುತ್ತದೆ. ಆದ್ದರಿಂದ ಮೂರಕ್ಷರದ ಈ ಪದವು ಸಮಾಜವನ್ನೇ ಕಲಕಿತು.

ಸಂಪಾದಕರ ಆ ಊಹೆ ಬರಿಯ ಊಹೆಯಲ್ಲ. ವೀರಸೇನ ಸ್ವಾಮಿಗಳ ಟೀಕೆಯಲ್ಲಿ ಇದೇ ಸೂತ್ರದ ಕೆಳಗೆ ಪೂರ್ವಪಕ್ಷವೊಂದು ಬರುತ್ತದೆ: ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಯರಿಗೂ ನಿರ್ವಾಣ ಸಿದ್ಧವಾಗಬೇಕಲ್ಲವೇ ಎಂದು. ಅದನ್ನು ನಿರಾಕರಿಸಿ, ಭಾವಸ್ತ್ರೀಯೆಂಬ ಅರ್ಥದಲ್ಲಿ 14 ಗುಣಸ್ಥಾನಗಳ ಮಾತು ಹೊಂದುತ್ತದೆಂದು ಅವರು ಸಮಾಧಾನ ಹೇಳುತ್ತಾರೆ. ಸೂತ್ರದಲ್ಲಿ ಸಂಯತ ಪದವೇ ಇಲ್ಲದಿದ್ದರೆ ಇಂತಹ ಶಂಕೆ ಏಳುವುದೇ ಇಲ್ಲ. ಇಲ್ಲದ ಪದದಿಂದ ಬರುವ ಆಕ್ಷೇಪಕ್ಕೆ ಉತ್ತರ ಹೇಳುವ ಟೀಕಾಕಾರನಿಲ್ಲ. ಅನ್ಯಥಾನುಪಪತ್ತಿಗೆ ಇದಕ್ಕಿಂತ ಶುದ್ಧವಾದ ದೃಷ್ಟಾಂತವನ್ನು ಈ ಲೇಖಕನು ಗ್ರಂಥಸಂಪಾದನೆಯಲ್ಲಿ ಬೇರೆಲ್ಲಿಯೂ ಕಂಡಿಲ್ಲ. ಮುಂದೆ ಮೂಡಬಿದಿರೆಯ ತಾಡವೋಲೆಯೊಡನೆ ಹೋಲಿಸಿದಾಗ ಆ ಪದವು ಅಲ್ಲಿ ಇದ್ದೇ ಇತ್ತು. ಪ್ರತ್ಯಕ್ಷವು ಅನುಮಾನವನ್ನು ಎತ್ತಿಹಿಡಿಯಿತು.

ಆದರೂ ವಿವಾದ ನಿಲ್ಲಲಿಲ್ಲ. ಗ್ರಂಥವನ್ನು ತಾಮ್ರಪತ್ರಗಳ ಮೇಲೆ ಕೊರೆಸುವ ಸಂದರ್ಭದಲ್ಲಿಯೂ ಈ ಪದವನ್ನು ಉಳಿಸಬೇಕೇ ಬಿಡಬೇಕೇ ಎಂಬ ಚರ್ಚೆ ಬಲವಾಗಿ ನಡೆಯಿತು. ಬಿಡಬೇಕೆಂದವರು ಶ್ರದ್ಧಾವಂತರು, ವಿದ್ವಾಂಸರು. ಅವರನ್ನು ಹಗುರವಾಗಿ ಕಾಣುವುದು ಸಲ್ಲದು. ಅವರ ಗೃಹೀತವು, ಸಿದ್ಧಾಂತಕ್ಕೆ ವಿರುದ್ಧವಾಗಿ ತೋರುವ ಪಾಠವು ಆಗಮದ ಪಾಠವಾಗಿರಲಾರದು ಎಂಬುದು. ಇದಕ್ಕೆ ಎದುರಾಗಿ ಇನ್ನೊಂದು ಗೃಹೀತವೂ ಹೊಸ ವಿದ್ಯೆಯವರಲ್ಲಿದೆ: ಸಂಪ್ರದಾಯವು ತನಗೆ ಬೇಡವಾದುದನ್ನು ಸದಾ ಅಳಿಸುತ್ತಲೇ ಬಂದಿದೆ, ಪಾಠ ಬಿಟ್ಟುಹೋದಲ್ಲೆಲ್ಲ ಕೈವಾಡವಿದೆ ಎಂಬುದು. ಎರಡೂ ಏಕಾಂತಗಳೇ. ಮೂಲ ಓಲೆಯಲ್ಲಿ ಪದ ಉಳಿದದ್ದು ಎರಡನೆಯ ಗೃಹೀತಕ್ಕೆ ಉತ್ತರ. ಸಂಪ್ರದಾಯವೇ ಅದನ್ನು ಶತಮಾನಗಳ ಕಾಲ ಕಾಪಾಡಿತ್ತು, ಬಿಟ್ಟದ್ದು ಇತ್ತೀಚಿನ ಪ್ರತಿಗಳು. ವೀರಸೇನರು ಪದವನ್ನು ಇಟ್ಟುಕೊಂಡೇ ಸಿದ್ಧಾಂತವನ್ನು ಸಮರ್ಥಿಸಿದ್ದು ಮೊದಲನೆಯದಕ್ಕೆ ಉತ್ತರ. ಪಾಠವನ್ನು ನಿರ್ಣಯಿಸುವುದು ಓಲೆಯ ಕೆಲಸ, ಅರ್ಥವನ್ನು ನಿರ್ಣಯಿಸುವುದು ವ್ಯಾಖ್ಯಾನದ ಕೆಲಸ. ವ್ಯಾಖ್ಯಾನದಲ್ಲಿ ಮಾಡಬೇಕಾದುದನ್ನು ಪಾಠದಲ್ಲಿ ಮಾಡಿದರೆ ಮುಂದಿನವರಿಗೆ ವ್ಯಾಖ್ಯಾನಿಸಲು ಏನೂ ಉಳಿಯುವುದಿಲ್ಲ. ಸಾಂಪ್ರದಾಯಿಕ ಪಾಠಶಾಲೆಯಲ್ಲಿ ಕಲಿತವನಾಗಿ ಈ ಲೇಖಕನು ಇದನ್ನು ಆಗಮಭಕ್ತಿಗೆ ವಿರುದ್ಧವೆಂದು ಎಣಿಸುವುದಿಲ್ಲ. ಶ್ರುತಭಕ್ತಿಯೆಂದರೆ ಅಕ್ಷರಭಕ್ತಿಯೂ ಹೌದು.

ಗ್ರಂಥಸಂಪಾದನೆಯ ಶಾಸ್ತ್ರವನ್ನು ಕನ್ನಡದಲ್ಲಿ ಕ್ರಮಬದ್ಧವಾಗಿ ನಿರೂಪಿಸಿದ ಡಿ.ಎಲ್. ನರಸಿಂಹಾಚಾರ್ಯರ ಗ್ರಂಥವು 1964ರಲ್ಲಿ ಬಂದಿತು. ಪ್ರತಿಗಳ ವಂಶವೃಕ್ಷವನ್ನು ರಚಿಸಿ, ಸಮಾನ ದೋಷಗಳಿಂದ ಅವುಗಳ ಬಾಂಧವ್ಯವನ್ನು ಗುರುತಿಸಿ, ಕವಿಯ ಮೂಲಪಾಠದತ್ತ ಹಿಂದೆ ನಡೆಯುವುದು ಈ ಶಾಸ್ತ್ರದ ಕ್ರಮ. ಇದರ ಉಪಯೋಗ ಅಪಾರ. 'ಸಂಜದ' ಪದದ ಲೋಪವನ್ನು ನಾಗರಿ ಪ್ರತಿಗಳ ಸಮಾನ ದೋಷವೆಂದು ಗುರುತಿಸುವುದೂ ಇದೇ ಕ್ರಮದಿಂದ. ಆದರೆ ಇದರ ಅಡಿಯಲ್ಲಿಯೂ, ಕೃತಿಯು ಒಬ್ಬ ಕರ್ತೃವಿನದು, ಒಂದು ಕಾಲದ್ದು, ಅನಂತರದ್ದೆಲ್ಲ ಕ್ಷಯ ಎಂಬ ಒಂದು ಗೃಹೀತವಿದೆ. ಬಸದಿಗಳ ಭಂಡಾರದಲ್ಲಿ ಕೃತಿ ಬದುಕಿದ ಬಗೆ ಬೇರೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಮಾಡಿಸಿ ದಾನವಿತ್ತಳು. ಆ ಒಂದೊಂದು ಪ್ರತಿಯೂ ಶಾಸ್ತ್ರದಾನದ ವಸ್ತು. ಬರೆಸಿದವರು, ಬರೆದವರು, ಯಾವ ನೋಂಪಿಯ ಉದ್ಯಾಪನೆಗೆ, ಯಾವ ಮುನಿಗಳಿಗೆ ಎಂಬುದು ಪ್ರತಿಯ ಕೊನೆಯಲ್ಲಿ ಬರುತ್ತದೆ. ಮೂಲಪಾಠವನ್ನು ಅರಸುವವನಿಗೆ ಈ ಸಾಲುಗಳು ಅನುಪಯುಕ್ತ. ಸಮಾಜಚರಿತ್ರೆಯನ್ನು ಅರಸುವವನಿಗೆ ಅವೇ ಗ್ರಂಥ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟವಾದ ತಾಡಪತ್ರೀಯ ಗ್ರಂಥಸೂಚಿಯಿಂದ ಕರಾವಳಿಯ ಭಂಡಾರಗಳ ಬಾಗಿಲನ್ನು ವಿದ್ವಾಂಸರಿಗೆ ತೆರೆದರು. ಅಂತಹ ಪರಿಶ್ರಮ ಒಳನಾಡಿನಲ್ಲಿ, ವಿಶೇಷವಾಗಿ ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮನೆಗಳಲ್ಲಿ ಚದುರಿರುವ ಕಟ್ಟುಗಳ ಮೇಲೆ ಇನ್ನೂ ನಡೆಯಬೇಕಾಗಿದೆ.

ಈಗ ಓಲೆಗಳ ಛಾಯೆಯನ್ನು ಯಂತ್ರದಲ್ಲಿ ತೆಗೆದಿಡುವ ಕಾರ್ಯ ಎಲ್ಲೆಡೆ ನಡೆಯುತ್ತಿದೆ. ಪಟ್ಟಿ ಮಾಡುವವರಿಗೆ ಕೊಡುವ ನಮೂನೆಯಲ್ಲಿ ಸಾಮಾನ್ಯವಾಗಿ ಕೃತಿ, ಕರ್ತೃ, ಕಾಲ, ಮತ, ವಿಷಯ ಎಂಬ ಅಂಕಣಗಳಿರುತ್ತವೆ. ಮತವೆಂಬ ಅಂಕಣವನ್ನು ತುಂಬುವಾಗ ಹೇಮಕೂಟವನ್ನು ನೆನೆಯಬೇಕು. ವೈದ್ಯ, ಗಣಿತ, ವ್ಯಾಕರಣ, ಶಕುನದ ಕಟ್ಟುಗಳು ಜೈನರ ಮನೆಯಲ್ಲಿ ದೊರೆತ ಮಾತ್ರಕ್ಕೆ ಜೈನವಾಗವು, ವೀರಶೈವ ಮಠದಲ್ಲಿ ದೊರೆತ ಮಾತ್ರಕ್ಕೆ ಅನ್ಯವೂ ಆಗವು. ನಮ್ಮ ಸಲಹೆ ಇಷ್ಟೇ: ಓಲೆಯಲ್ಲಿ ಲಿಪಿಕಾರನೇ ಬರೆದಿರುವುದನ್ನು ಒಂದು ಅಂಕಣದಲ್ಲಿಯೂ, ಕಟ್ಟು ಸಿಕ್ಕಿದ ಸ್ಥಳ ಮತ್ತು ಮನೆಯವರು ಹೇಳಿದುದನ್ನು ಎರಡನೆಯದರಲ್ಲಿಯೂ, ಪಟ್ಟಿ ಮಾಡಿದವರ ಊಹೆಯನ್ನು ಅದರ ಹೇತುವಿನೊಡನೆ ಮೂರನೆಯದರಲ್ಲಿಯೂ ಬರೆಯಬೇಕು. ಮೂರನೆಯ ಅಂಕಣದ ಕೆಳಗೆ ಊಹಿಸಿದವರು ತಮ್ಮ ಹೆಸರನ್ನೂ ತಾರೀಖನ್ನೂ ಹಾಕಬೇಕು. ಹೇತು ತೋರದಿದ್ದಲ್ಲಿ ಅಂಕಣವನ್ನು ಖಾಲಿ ಬಿಡುವುದರಿಂದ ಯಾವ ಹಾನಿಯೂ ಇಲ್ಲ.